ಆರ್ಗನ್ನಿನೊಳಗಿನ ಬಿಳಿ ಪುಡಿ

ಮನೆಮನೆಗೆ ಹೋಗಿ, ಕಾಲಿನಿಂದ ತುಳಿದು ನುಡಿಸುವ ಹಳೆಯ ಆರ್ಗನ್‌ಗಳನ್ನು ಸ್ವಚ್ಛ ಮಾಡುವವಳನ್ನು ಎಲ್ಲರೂ ಬ್ರಷ್ ಅಕ್ಕ ಎನ್ನುತ್ತಿದ್ದರು. ಕೆಲಸ ಗಂಡನಿಂದ ಕಲಿತದ್ದು. ಗಂಡ ತೀರಿಹೋದ ಮೇಲೂ ಅವನ ನಿಯಮವನ್ನು ಅವಳು ಬಿಟ್ಟಿರಲಿಲ್ಲ: ಪೆಟ್ಟಿಗೆ ಬಿಚ್ಚುವ ಮುನ್ನ ಮನೆಯವರು ಒಂದು ಹಾಡು ನುಡಿಸಬೇಕು, ಅವಳು ಪೆಡಲಿನ ಪಕ್ಕ ನೆಲದ ಮೇಲೆ ಕೂತು ಕೇಳಬೇಕು. ಗಾಳಿ ಸೋರುವ ಜಾಗ ಆಗ ಕೆನ್ನೆಗೇ ತಿಳಿಯುತ್ತಿತ್ತು.

ಅಂದು ಕರೆದದ್ದು ನಿವೃತ್ತ ಟೀಚರಮ್ಮ. ವರ್ಷದಿಂದ ಕೆಮ್ಮು, ಆದರೂ ದಿನಕ್ಕೆ ಎರಡು ಗಂಟೆ ನುಡಿಸುತ್ತಿದ್ದರು. ಭಜನೆಯೊಂದು ಮುಗಿಯುವಷ್ಟರಲ್ಲಿ ಅಕ್ಕನ ಗಂಟಲು ಹಿಡಿಯಿತು, ನಾಲಗೆಗೆ ಕಹಿ ತಗಲಿತು.

“ಯಾಕೆ ಮುಖ ಹುಳ್ಳಗಾಯ್ತು? ನನ್ನ ಹಾಡು ಅಷ್ಟು ಕೆಟ್ಟದಾಗಿತ್ತಾ?” ಎಂದು ನಕ್ಕ ಟೀಚರಮ್ಮ ಕೆಮ್ಮುತ್ತಲೇ ಒಳಗೆ ಹೋಗಿ ಮಲಗಿದರು.

ಮಗ ಬಾಗಿಲಲ್ಲೇ ನಿಂತಿದ್ದ. “ಎಕ್ಸ್‌ರೇಯಲ್ಲಿ ಏನೋ ನೆರಳು ಇದೆಯಂತೆ. ಯಾಕೆ ಅಂತ ಡಾಕ್ಟರಿಗೂ ಗೊತ್ತಾಗ್ತಿಲ್ಲ.”

ಅಕ್ಕ ಹಿಂದಿನ ಹಲಗೆ ತೆಗೆದಳು. ಗಾಳಿ ಊದುವ ತಿದಿಯ ಕೆಳಗೆಲ್ಲ ಬಿಳಿ ಪುಡಿ, ಬೆರಳಿನಷ್ಟು ದಪ್ಪ.

“ಇದನ್ನ ಯಾರು ಹಾಕಿದ್ದು?”

“ನಾನೇ. ಒಳಗಿನ ಬಟ್ಟೆಗೆಲ್ಲ ನುಸಿ ಹತ್ತಿತ್ತು. ಗೋದಾಮಿನಲ್ಲಿ ಹುಳ ಸಾಯಲಿ ಅಂತ ಹಾಕ್ತಾರಲ್ಲ, ಆ ಪುಡಿ. ಅಮ್ಮ ಮಲಗಿದಾಗ ತಿಂಗಳಿಗೊಮ್ಮೆ ಹಾಕ್ತೀನಿ. ಅವಳ ಪೆಟ್ಟಿಗೆ ಹಾಳಾಗಬಾರದು ಅಂತ.”

ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು ಪೆಡಲನ್ನು ಒಮ್ಮೆ ತುಳಿದಳು. ಕಿಟಕಿಯ ಬೆಳಕಿನಲ್ಲಿ ಪುಡಿ ಹೊಗೆಯಂತೆ ಎದ್ದು, ನುಡಿಸುವವರ ಸ್ಟೂಲಿನ ಮೇಲೆ ಮೆಲ್ಲಗೆ ಇಳಿಯಿತು. ಮಗ ಸ್ಟೂಲನ್ನೇ ನೋಡುತ್ತಿದ್ದ.

“ಮುಗೀತಾ? ನುಡಿಸೋಕೆ ಬೆರಳು ತುರಿಸ್ತಾ ಇದೆ,” ಒಳಗಿನಿಂದ ದನಿ ಬಂತು.

“ಅಕ್ಕಾ, ಅಮ್ಮನಿಗೆ ಹೇಳಬೇಡಿ.”

“ಅವರಿಗೆ ಹೇಳೋದು ಬಿಡೋದು ನಿನ್ನಿಷ್ಟ ಕಣಪ್ಪ. ಡಾಕ್ಟರಿಗೆ ಮಾತ್ರ ಮುಚ್ಚಿಡಬೇಡ. ಆ ಪುಡಿಯ ಡಬ್ಬ ತಗೊಂಡು ಈಗಲೇ ಹೋಗು.”

ಅವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ. ಡಾಕ್ಟರು ಡಬ್ಬದ ಮೇಲಿನ ಅಕ್ಷರಗಳನ್ನು ಎರಡು ಸಲ ಓದಿ, ಎಷ್ಟು ತಿಂಗಳಿಂದ ಎಂದು ಕೇಳಿದರಂತೆ. ಹದಿನಾಲ್ಕು ಎಂದನಂತೆ. ಸಂಜೆಯೇ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದರು.

ಖಾಲಿ ಮನೆಯಲ್ಲಿ ಅಕ್ಕ ಮೂರು ದಿನ ದುಡಿದಳು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ದೇವರನ್ನು ನೆನೆಯುತ್ತ, ಒಂದೊಂದೇ ಸ್ವರದ ಹಿತ್ತಾಳೆ ಪಟ್ಟಿಯನ್ನು ಹೊರಗೆಳೆದು ಒರೆಸಿದಳು. ಮೂರನೆಯ ದಿನ ಅಮ್ಮನ ಬಟ್ಟೆ ಒಯ್ಯಲು ಮಗ ಆಸ್ಪತ್ರೆಯಿಂದ ಬಂದ. ಗಡ್ಡ ಬೆಳೆದಿತ್ತು.

“ಪುಡಿ ಎಲ್ಲಾ ಹೋಯ್ತಾ ಅಕ್ಕಾ?”

ಅಕ್ಕ ಒರೆಸಿ ತೆಗೆದ ಪುಡಿಯ ಚೀಲದ ಬಾಯಿಗೆ ಮತ್ತೊಂದು ಗಂಟು ಹಾಕಿದಳು.

“ಪೆಟ್ಟಿಗೆಯಿಂದಂತೂ ಹೋಗಿದೆ,” ಎಂದಳು.