ಸವತಿ ತಾಳಿಯ ಕಣ್ಣು

ಗುಂಡ್ಲುಪೇಟೆಯ ನನ್ನ ಚಿಕ್ಕವ್ವನ ಕೊರಳಲ್ಲಿ ಎರಡು ತಾಳಿಗಳಿವೆ. ಒಂದು ಅವಳದು. ಇನ್ನೊಂದು ಸವತಿ ತಾಳಿ. ಗಂಡನ ಮೊದಲ ಹೆಂಡತಿ ತೀರಿಹೋಗಿದ್ದರೆ, ಎರಡನೆಯವಳು ಸತ್ತವಳ ಸಮಾಧಾನಕ್ಕೆಂದು ಕಟ್ಟಿಕೊಳ್ಳುವ ಚಿನ್ನದ ಬಿಲ್ಲೆ ಅದು. ಹೊಸ ಸೀರೆಯನ್ನು ಮೊದಲು ಅದಕ್ಕೆ ಸೋಕಿಸಬೇಕು. ಸತ್ತವರು ಹೊಟ್ಟೆಕಿಚ್ಚು ಪಡುತ್ತಾರೆ ಎಂಬುದಕ್ಕೆ ಪುರಾವೆ ಏನು ಎಂದು ಚಾಮರಾಜನಗರದಿಂದ ಹೋದಾಗಲೆಲ್ಲ ನಾನು ಕೇಳುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳಿಗೆ ಅಲ್ಲಿ ಎದುರಾಳಿಯೇ ಇರಲಿಲ್ಲ; ತಲೆಯಾಡಿಸಿ ಕಾಫಿ ಕೊಡುತ್ತಿದ್ದರು.

ಚಿಕ್ಕವ್ವನ ಸಂಕಟ ದೆವ್ವದ್ದಲ್ಲ. ಅವಳ ಅತ್ತೆ ಅವಳನ್ನು ಕೂಗುವುದು ಸತ್ತವಳ ಹೆಸರಿನಿಂದ. ಮೊದಮೊದಲು ಬಾಯಿತಪ್ಪಿ, ಈಗ ಬಾಯಿತುಂಬ.

“ಅವ್ಳ ಮುಖ ಬರ್ಕೊಡಮ್ಮಿ,” ಎಂದಳು ಚಿಕ್ಕವ್ವ. “ಬಿಲ್ಲೆ ಜತೆ ಆಕ್ಕತೀನಿ. ಅವ್ಳು ಅವ್ಳೇ, ನಾನು ನಾನೇ ಅಂತ ತೋರ್ಸಕಾದ್ರೂ ಆಯ್ತದೆ.”

ಎಲಿಜಬೆತ್ ಯುಗದ ಇಂಗ್ಲೆಂಡಿನ ಪುಟಾಣಿ ಮುಖಚಿತ್ರಗಳ ಹುಚ್ಚು ನನಗಿರುವುದು ಅವಳಿಗೆ ಗೊತ್ತು. ಕರುವಿನ ತೆಳು ಚರ್ಮವನ್ನು ಇಸ್ಪೀಟ್ ಎಲೆಗೆ ಅಂಟಿಸಿ, ಅಳಿಲಿನ ಕೂದಲ ಕುಂಚದಿಂದ ಮುಖ ಬರೆದು, ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಕರುವಿನ ಚರ್ಮ ಎಂದ ಕೂಡಲೇ ಅತ್ತೆ ಎದ್ದು ಒಳಗೆ ಹೋದರು. ನಾನು ಕಾಗದಕ್ಕೆ ಒಪ್ಪಿದೆ. ಇಸ್ಪೀಟ್ ಕಟ್ಟು ಕೊಟ್ಟ ಚಿಕ್ಕಪ್ಪ, “ಜೋಕರ್ ಅಂಟ್ಸಬ್ಯಾಡ ಕಣಮ್ಮಿ, ಅವ್ಳು ಜಗಳ ತೆಗೀತಾಳೆ. ರಾಣಿ ತಕೊ,” ಎಂದರು.

ಸಿಕ್ಕಿದ್ದು ಸತ್ತವಳ ಮದುವೆಯ ಒಂದೇ ಫೋಟೊ. ತಾಳಿ ಕಟ್ಟಿಸಿಕೊಳ್ಳುವ ಗಳಿಗೆ. ಕಣ್ಣು ಮುಚ್ಚಿವೆ, ತೇವಕ್ಕೆ ಬಣ್ಣ ಹೋಗಿದೆ.

“ಕಣ್ ಮುಚ್ಕಂಡೋಳ್ ಜತೆ ಎಂಗ್ ಮಾತಾಡ್ಲಿ? ಕಣ್ ಬುಡ್ಸು,” ಎಂದಳು ಚಿಕ್ಕವ್ವ.

ಎಲಿಜಬೆತ್ ಕಾಲದವರು ಮೊದಲು ಮೈಬಣ್ಣದ ತೆಳು ಪದರ ಬಳಿದು, ಎದುರು ಕೂತವರನ್ನು ನೋಡಿಯೇ ಬರೆಯುತ್ತಿದ್ದರು. ನನ್ನೆದುರು ಕೂರಲು ಇದ್ದವಳು ಚಿಕ್ಕವ್ವ. ಹಣೆ, ಮೂಗು, ಗಲ್ಲ ಫೋಟೊದಿಂದ ಬಂದವು. ಬಣ್ಣ ಮತ್ತು ಕಣ್ಣು ಇವಳಿಂದ. ಕೊನೆಗೆ ಕಣ್ಣಿನೊಳಗೆ ಬೆಳಕಿನ ಚುಕ್ಕಿ ಇಟ್ಟೆ. ಚುಕ್ಕಿ ಇಟ್ಟರೆ ಯಾವ ಚಿತ್ರದ ಕಣ್ಣೂ ನೋಡುತ್ತದೆ, ಅಷ್ಟೇ ವಿಷಯ. ಗೊತ್ತಿದ್ದೂ ಚಿತ್ರವನ್ನು ಬೋರಲು ಹಾಕಿ ಕೈ ತೊಳೆಯಲು ಹೋದೆ.

ಅತ್ತೆ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

“ಅವ್ಳೇ ಕಣಮ್ಮಿ. ಮೂಗು ಒಸಿ ಬ್ಯಾರೆ ಆಗದೆ. ಕಣ್ಣು ಮಾತ್ರ ಅವ್ಳವೇ. ಮರ್ತದಾ ನಂಗೆ?”

ಚಿಕ್ಕಪ್ಪ ಬಗ್ಗಿ ನೋಡಿ, “ಊಂ, ಕಣ್ಣು ಅವೇಯ,” ಎಂದವರು ಚಪ್ಪಲಿ ಮೆಟ್ಟಿಕೊಂಡು ಮಂಡಿಯ ಕಡೆ ನಡೆದುಬಿಟ್ಟರು. ಈರುಳ್ಳಿ ಲಾರಿ ಬರುವ ಹೊತ್ತೂ ಅಲ್ಲ ಅದು.

ಚಿಕ್ಕವ್ವ ಅಷ್ಟು ಹೊತ್ತೂ ಅವರಿಬ್ಬರ ಪಕ್ಕದಲ್ಲೇ ನಿಂತಿದ್ದಳು.

ಸತ್ತವರು ನೋಡುವುದಿಲ್ಲ ಎಂಬುದಕ್ಕೆ ನನ್ನ ಬಳಿ ಬೇಕಾದಷ್ಟು ವಾದಗಳಿವೆ. ಬದುಕಿರುವವರು ನೋಡುತ್ತಾರೆ ಎಂಬುದಕ್ಕೆ ಅವತ್ತು ಒಂದೂ ಹೊಳೆಯಲಿಲ್ಲ. ಅವು ಚಿಕ್ಕವ್ವನ ಕಣ್ಣು ಎಂದು ಹೇಳಲು ಬಾಯಿ ತೆರೆದೆ. ಅವಳು ತಲೆಯಾಡಿಸಿ ಬೇಡವೆಂದಳು.

ಅತ್ತೆ ಒಳಗೆ ಹೋದ ಮೇಲೆ ಚಿಕ್ಕವ್ವ ಕಿಟಕಿಯ ಬಳಿ ಮತ್ತೆ ಕೂತಳು. “ಇನ್ನೊಂದ್ ಎಲೆ ತಕೊ. ಈಗ ನನ್ನ ಬರಿ.”

ಕುಂಚ ತೊಳೆದು ಎದುರು ಕೂತೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

“ಕಣ್ ಬುಡು ಚಿಕ್ಕವ್ವ.”

“ಅವು ಅವ್ಳ ಪಾಲಾದೊ ಕಣಮ್ಮಿ. ಇಂಗೇ ಬರಿ.”