ಚಿಗವ್ವ ಕೊಟ್ಟ ಚುನಾವಣಾ ಚಂದಾ

ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಮಾನ್ವಿಯಲ್ಲಿ ಅಂಗನವಾಡಿ ಟೀಚರಾಗಿದ್ದು ನಿವೃತ್ತಳಾದವಳು. ದೇವದುರ್ಗದ ಕಡೆಯ ಜಾಲಹಳ್ಳಿಯ ಹತ್ತಿರ ಅವಳ ಹೆಸರಿನಲ್ಲಿ ಒಂದಿಷ್ಟು ಕಲ್ಲುನೆಲವಿದೆ. ಅದನ್ನು ಸೋಲಾರ್ ಕರೆಂಟಿನ ಕಂಪನಿಯೊಂದು ಗುತ್ತಿಗೆ ಹಿಡಿದು, ಉದ್ದಕ್ಕೂ ನೀಲಿ ಫಲಕಗಳನ್ನು ನಿಲ್ಲಿಸಿತು. ಆ ಫಲಕಗಳ ಮೇಲೆ ಅವಳಿಗೆ ಬಹಳ ಅಭಿಮಾನ. ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತವರಿಗೆ ಕಿಟಕಿಯಾಚೆ ಕೈ ಮಾಡಿ, "ಅಲ್ನೋಡ್ರಿ, ನಮ್ಮ ಬೆಳಿ" ಎಂದು ತೋರಿಸುತ್ತಿದ್ದಳು.

ನಾನು ರಾಯಚೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಯಾವ ಕಂಪನಿ ಯಾವ ಪಕ್ಷಕ್ಕೆ ಚಂದಾ ಕೊಟ್ಟಿತೆಂದು ಟಿವಿಯವರು ದಿನವಿಡೀ ಹೇಳುತ್ತಿದ್ದ ಸಮಯ ಅದು. ಒಂದು ಮಧ್ಯಾಹ್ನ ಚಿಗವ್ವನ ಫೋನು ಬಂತು.

"ನಮ್ಮ ಕಂಪನಿ ಹೆಸರು ಟಿವಿಯಾಗ ತೋರಸಾಕತ್ತಾರ. ದಿಲ್ಲಿ ಪಾರ್ಲಿಮೆಂಟಿನವರಿಗೆ ಚಂದಾ ಕೊಟ್ಟಾರಂತ."

"ಕೊಟ್ಟಿರ್ತಾರ ಬಿಡು ಬೇ. ನಿನಗೇನಾತು?"

"ನನಗೇನಾತು ಅಂದ್ರ? ಅವರು ಮಾರೂದು ಏನು? ಕರೆಂಟು. ಕರೆಂಟು ಎದರಿಂದ ಬಂತು? ಬಿಸಿಲಿಂದ. ಬಿಸಿಲು ಯಾರ ಹೊಲದ್ದು?"

ಇಷ್ಟು ವರ್ಷ ಪಾಠ ಮಾಡಿದವಳಾದ ನನಗೂ ಈ ವಾದವನ್ನು ಎಲ್ಲಿ ಹಿಡಿದು ನಿಲ್ಲಿಸಬೇಕೆಂದು ಹೊಳೆಯಲಿಲ್ಲ.

"ಅಂದ ಮ್ಯಾಲ ಚಂದಾ ಕೊಟ್ಟಾಕಿ ನಾನ. ಒಂದು ಶಾಲಿಲ್ಲ, ಒಂದು ಹಾರ ಇಲ್ಲ. ಕನ್ನಡ ಸಾಲಿಗೆ ಫ್ಯಾನು ಕೊಟ್ಟವರ ಹೆಸರು ಸೈತ ರೆಕ್ಕಿ ಮ್ಯಾಲ ಬರಸ್ತಾರ. ತಿರುಗಿದ್ರ ಓದಾಕ ಬರಂಗಿಲ್ಲ, ಆದ್ರೂ ಬರಸ್ತಾರ!"

ಪಾರ್ಲಿಮೆಂಟ್ ಚುನಾವಣೆ ಮುಗಿಯಿತು. ಗೆದ್ದ ಪಕ್ಷದವರು ಮಾನ್ವಿಯಲ್ಲಿ ಕೃತಜ್ಞತಾ ಸಭೆ ಇಟ್ಟುಕೊಂಡರು. ದಾನಿಗಳಿಗೆ ಸನ್ಮಾನ ಎಂದು ಆಟೋದಲ್ಲಿ ಕೂಗಿಸಿದರು. ರಜೆಯೆಂದು ನಾನು ಅಲ್ಲಿಗೆ ಹೋಗಿದ್ದೆ. ಚಿಗವ್ವ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಡಿ, ಹೊತ್ತಾಕತ್ತದ."

ಶಾಮಿಯಾನದ ಮುಂದಿನ ಸಾಲಿನಲ್ಲಿ ಕೆಂಪು ಸೋಫಾಗಳಿದ್ದವು. ಚಿಗವ್ವ ನೇರ ಹೋಗಿ ನಡುವಿನದರಲ್ಲಿ ಕೂತಳು. ಶಾಮಿಯಾನದ ಮಾಲೀಕರು ಅವಳ ಓಣಿಯವರೇ, ಅವಳನ್ನು ಚಿಕ್ಕಮ್ಮನೆಂಬಂತೆ ಖಾಲಾ ಎಂದು ಕರೆಯುವವರು. ಓಡಿ ಬಂದರು.

"ಖಾಲಾ, ಸೋಫಾ ದಾನಿಗಳಿಗ್ರೀ. ನೀವು ಹಿಂದ್ಕ ಬರ್ರಿ."

"ನಾನೂ ದಾನಿನ. ಸೋಲಾರ್ ಕಂಪನಿ."

"ಅಚ್ಛಾ! ಯಾವಾಗಿಂದ್ರೀ?"

"ಹೊಲ ಕೊಟ್ಟಾಗಿಂದ."

ಅವರು ದೊಡ್ಡ ಫ್ಯಾನನ್ನು ಅವಳ ಕಡೆ ತಿರುಗಿಸಿ ಹೋದರು. ನಾನು ಮೆಲ್ಲಗೆ ಅವಳ ಸೆರಗು ಜಗ್ಗಿದೆ. "ನೀ ನನ್ನ ಪಿಎ ಇದ್ದಂಗ ಸುಮ್ಕ ಕೂಡು" ಎಂದಳು.

ನಿರೂಪಕ ಕಂಪನಿಯ ಹೆಸರು ಕೂಗಿ, ಪ್ರತಿನಿಧಿಗಳು ವೇದಿಕೆಗೆ ಬರಬೇಕೆಂದು ಕೋರಿದ. ಬೇರೆ ಯಾರೂ ಏಳಲಿಲ್ಲ. ಚಿಗವ್ವ ಎದ್ದಳು. ಗೆದ್ದ ಎಂಪಿ ಸಾಹೇಬರೇ ಶಾಲು ಹೊದಿಸಿ, ಹಾರ ಹಾಕಿ, ತಲೆಗೆ ಪೇಟ ಇಟ್ಟರು. ಪೇಟ ಯಾವುದೋ ದೊಡ್ಡ ತಲೆಯ ಅಳತೆಯದು. ಜಾರಿ ಅವಳ ಕಣ್ಣು ಮುಚ್ಚಿತು. ಅದೇ ಹೊತ್ತಿಗೆ ಟೈ ಕಟ್ಟಿಕೊಂಡ ಒಬ್ಬರು ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದು ನನ್ನ ಪಕ್ಕ ನಿಂತರು.

"ಮೇಡಂ, ನಮ್ಮ ಕಂಪನಿ ಹೆಸರು ಕರೆದರಾ? ದಾರಿಯಲ್ಲಿ ಟೈರ್ ಪಂಕ್ಚರ್ ಆಯಿತು. ಮೇಲೆ ನಿಂತಿರೋ ಅವರು ಯಾರು?"

"ನಿಮ್ಮ ಕಂಪನಿ" ಎಂದೆ.

ಅಷ್ಟರಲ್ಲಿ ಯಾರೋ ಚಿಗವ್ವನ ಕೈಗೆ ಮೈಕು ಕೊಟ್ಟರು. ಅವಳು ಪೇಟವನ್ನು ಹಿಂದಕ್ಕೆ ಸರಿಸಿ, ಅಂಗನವಾಡಿಯ ಗಂಟಲು ತೆಗೆದಳು.

"ನಾವು ಸಾಹೇಬರಿಗೆ ಚಂದಾ ಕೊಟ್ಟೀವಿ. ಟಿವಿಯಾಗ ಬಂದದ, ಮುಚ್ಚಿಡೂದೇನದ? ಸೋತವರಿಗೂ ಕೊಟ್ಟೀವಿ, ಅದೂ ಬಂದದ. ನಮಗ ಭೇದಭಾವ ಇಲ್ಲ. ಎಲ್ಲಾ ಹುಡುಗರಿಗೂ ಒಂದ ಸೌಟಿನಾಗ ಉಪ್ಪಿಟ್ಟು ಬಡಿಸಿದಾಕಿ ನಾನು."

ಶಾಮಿಯಾನದ ತುಂಬ ಸಿಳ್ಳೆ. ನನ್ನ ಪಕ್ಕದ ಅಧಿಕಾರಿ ಟೈ ಸಡಿಲಿಸಿಕೊಂಡು ಕುರ್ಚಿಗಾಗಿ ಸುತ್ತ ನೋಡಿದರು. ಗೆದ್ದ ಸಾಹೇಬರ ಮುಖದಲ್ಲಿ ನಗು ಇತ್ತು, ಆದರೆ ಅಲುಗುತ್ತಿರಲಿಲ್ಲ. ಅವರು ಬಾಗಿ ಚಿಗವ್ವನ ಕಿವಿಯಲ್ಲಿ ಗುಟ್ಟಾಗಿ ಕೇಳಿದರು. ಕಿವಿಯ ಪಕ್ಕದಲ್ಲೇ ಮೈಕಿತ್ತು.

"ಅವರಿಗೆ ಎಷ್ಟು ಕೊಟ್ರೀ?"

ಈ ಪ್ರಶ್ನೆ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತಂತೆ.

"ಅದು ನನಗ ಗೊತ್ತಿಲ್ರೀ ಯಪ್ಪಾ. ನಾ ಬರೇ ಬಿಸಿಲು ಕೊಟ್ಟಾಕಿ. ಅಷ್ಟು ಬಿಸಿಲು ತಗೊಂಡೀರಿ, ಜಾಲಹಳ್ಳಿಯಾಗ ಬಸ್ಸಿಗೆ ನಿಲ್ಲೋರಿಗೆ ಒಂದೀಟು ನೆರಳು ಕೊಡ್ರಿ."

ಜನ ಚಪ್ಪಾಳೆ ಹೊಡೆದದ್ದು ನಿಲ್ಲಲಿಲ್ಲ. ಅದು ನಿಲ್ಲಲೆಂದೋ ಏನೋ, ಸಾಹೇಬರು ಕೈಯೆತ್ತಿ ಶೆಲ್ಟರ್ ಕಟ್ಟಿಸುವುದಾಗಿ ಘೋಷಿಸಿದರು.

ಮರುವಾರ ಆ ಅಧಿಕಾರಿ ಪೇಡೆಯ ಡಬ್ಬಿ ಹಿಡಿದು ಚಿಗವ್ವನ ಮನೆಗೆ ಬಂದರು. ಕಂಪನಿಯ ಪರವಾಗಿ ಇನ್ನು ಮಾತಾಡಬಾರದೆಂದು ವಿನಯದಿಂದ ಕೇಳಿಕೊಂಡರು. ಚಿಗವ್ವ ಚಹಾ ಕೊಟ್ಟು, ತಡವಾಯಿತೆಂದಳು. ಸೋತ ಪಕ್ಷದವರು ದೇವದುರ್ಗದಲ್ಲಿ ಆತ್ಮಾವಲೋಕನ ಸಭೆ ಇಟ್ಟು, ಅವಳನ್ನು ಆಗಲೇ ಕರೆದಿದ್ದರು.

"ನೀವೂ ಬರ್ರಿ" ಎಂದಳು ಅವರಿಗೆ. "ಮೊನ್ನೆ ಪಾಪ, ನಿಮಗ ಶಾಲು ತಪ್ಪಿತು."

ಆಕೆಯನ್ನು ಒಂಟಿಯಾಗಿ ಬಿಡುವುದಕ್ಕಿಂತ ಜೊತೆಗಿರುವುದೇ ಕ್ಷೇಮವೆಂದು ಅವರಿಗೆ ಅನ್ನಿಸಿರಬೇಕು. ಕಂಪನಿಯ ಕಾರಿನಲ್ಲೇ ಮೂವರೂ ಹೋದೆವು. ಅಲ್ಲಿ ಸೋತ ಸಾಹೇಬರು ಮಾನ್ವಿಯ ಸುದ್ದಿ ಕೇಳಿದ್ದವರು. ಮೊದಲು ಮೈಕು ಬಂದ್ ಮಾಡಲೆಂದು ಗುಂಡಿ ಒತ್ತಿ, ಅದನ್ನು ಪಕ್ಕದವರ ಕೈಗೆ ಕೊಟ್ಟು, ನಂತರ ಬಾಗಿ ಚಿಗವ್ವನಿಗೆ ಅದೇ ಪ್ರಶ್ನೆ ಕೇಳಿದರು: "ಅವರಿಗೆ ಎಷ್ಟು?" ಅವರು ಒತ್ತಿದ್ದು ದನಿ ಏರಿಸುವ ಗುಂಡಿ. ದನಿ ಮೊದಲಿಗಿಂತ ಜೋರಾಗಿ ಕೇಳಿಸಿತು. ಜನ ಬಿದ್ದು ಬಿದ್ದು ನಕ್ಕರು. ಅವರೂ ಅವಸರದಲ್ಲಿ ಜಾಲಹಳ್ಳಿಗೆ ಒಂದು ಶೆಲ್ಟರ್ ಘೋಷಿಸಿದರು. ನಾನು ಅಧಿಕಾರಿಯ ಕಡೆ ನೋಡಿದೆ. ಅವರು ಹೊಸ ಶಾಲಿನಿಂದ ಹಣೆ ಒರೆಸಿಕೊಳ್ಳುತ್ತಿದ್ದರು.

ಇಬ್ಬರೂ ಖರ್ಚನ್ನು ದಾನಿಯ ಕಡೆಗೇ ತಳ್ಳಿದರು; ಕಟ್ಟಬೇಕಾದದ್ದು ಕೊನೆಗೆ ಕಂಪನಿಯೇ. ಇಬ್ಬರಲ್ಲಿ ಯಾರಿಗೂ ಬೇಡವೆನ್ನುವ ಧೈರ್ಯ ಅದಕ್ಕೆ ಇರಲಿಲ್ಲ. ಹಾಗಾಗಿ ಒಂದೇ ರಸ್ತೆಯ ಒಂದೇ ಬದಿಗೆ, ಹತ್ತಿಪ್ಪತ್ತು ಮಾರು ದೂರದಲ್ಲಿ, ಎರಡು ಶೆಲ್ಟರ್ ಎದ್ದವು. ಒಂದಕ್ಕೆ ಗೆದ್ದವರ ಬಣ್ಣ, ಇನ್ನೊಂದಕ್ಕೆ ಸೋತವರದು. ಯಾವ ಕಡೆಯವರೆಂದು ಯಾರಾದರೂ ಗುರುತಿಟ್ಟಾರೆಂದು ಅಂಜಿ ಜನ ಎರಡರಲ್ಲೂ ಕೂರದೆ ಮೊದಲಿನ ಹಾಗೆ ಹೊರಗೇ ನಿಲ್ಲುತ್ತಾರೆ. ಡ್ರೈವರ್ ಕೂಡ ಯಾಕೆ ಉಸಾಬರಿಯೆಂದು ಬಸ್ಸನ್ನು ಎರಡರ ನಡುವೆ ನಿಲ್ಲಿಸುತ್ತಾನೆ.

ಹೋದ ಬೇಸಿಗೆಯಲ್ಲಿ ನಾವಿಬ್ಬರೂ ಅಲ್ಲಿ ಬಸ್ಸಿಗೆ ಕಾದೆವು. ಚಿಗವ್ವ ಒಂದರಲ್ಲಿ ಸ್ವಲ್ಪ ಹೊತ್ತು ಕೂತಳು. ಆಮೇಲೆ, "ಆ ಕಡೀದು ತಂಪದ ಏನೋ ನೋಡೂಣು" ಎಂದು ಎದ್ದಳು. ನಾವು ಇನ್ನೊಂದಕ್ಕೆ ಹೋಗಿ ಒಳಗೆ ಕಾಲಿಟ್ಟು ಬೆಂಚು ಒರೆಸುತ್ತಿರುವಾಗ ಬಸ್ಸು ನಡುವೆ ನಿಂತು, ಹೊರಗಿದ್ದವರನ್ನೆಲ್ಲ ಹತ್ತಿಸಿಕೊಂಡು ಹೊರಟೇಹೋಯಿತು. ನಾನು ಕೂಗುತ್ತಾ ಹಿಂದೆ ಓಡಿದೆ. ತಿರುಗಿ ಬಂದಾಗ ಚಿಗವ್ವ ಬೆಂಚಿನ ಮೇಲೆ ಕಾಲು ಮಡಚಿ ಕೂತು, ಬುತ್ತಿ ಬಿಚ್ಚಿ, ಈರುಳ್ಳಿ ಬದಿಗಿಟ್ಟು, ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕುತ್ತಿದ್ದಳು.

"ಕೂಡು ಬೇ," ಎಂದಳು, "ಉಳ್ಳಾಗಡ್ಡಿ ಒಡಿ."