ಸಮುದ್ರ ಕಾಣದವನ ಸಲಹೆ

ನಾನು ಸಮುದ್ರವನ್ನು ನೋಡಿದವನಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ನಮ್ಮ ಮಧುಗಿರಿಯಲ್ಲಿ ಸಮುದ್ರ ನೋಡಿದವರನ್ನು ಲೆಕ್ಕ ಹಾಕಲು ಎರಡು ಕೈಯ ಬೆರಳು ಸಾಕು. ನಾಚಿಕೆಯ ಸಂಗತಿ ಬೇರೆ ಇದೆ. ಸಮುದ್ರ ನೋಡದ ನಾನು ಸಮುದ್ರದ ಮೇಲೆ ಹೊರಟವನೊಬ್ಬನಿಗೆ ಸಲಹೆ ಕೊಟ್ಟಿದ್ದೇನೆ. ಹಡಗಿನಲ್ಲಿ ಕಾಯಿಲೆ ಬಿದ್ದರೆ ಏನು ಮಾಡಬೇಕು ಎಂದು ಅವನು ಕೇಳಿದ್ದ. ನಾನು ಹೇಳಿದ್ದೆ.

ಕಾಣದ್ದರ ಬಗ್ಗೆ ಮಾತಾಡುವುದು ನಮ್ಮ ಸೀಮೆಗೆ ಹೊಸದಲ್ಲ. ಹರಿಕಥೆಯವರು ಬಂದು ಸಂಸಾರವೆಂಬ ಸಾಗರ ಎಂದಾಗಲೆಲ್ಲ, ಆಯುಸ್ಸಿನಲ್ಲಿ ಎರಡು ಮೂರು ಸಲ ಕೆರೆ ಕೋಡಿ ಬಿದ್ದದ್ದನ್ನು ಮಾತ್ರ ಕಂಡ ನಾವು ಎಲ್ಲ ಗೊತ್ತಿದ್ದವರಂತೆ ತಲೆದೂಗುತ್ತೇವೆ. ದೇವತೆಗಳೂ ಅಸುರರೂ ಕೂಡಿ ಕಡಲನ್ನು ಕಡೆದಾಗ ದೇವವೈದ್ಯನೇ ಕಲಶ ಹಿಡಿದು ಮೇಲೆದ್ದು ಬಂದನೆಂದು ಅದೇ ಹರಿಕಥೆಯಲ್ಲಿ ಕೇಳಿದ್ದೇನೆ. ಅಂದರೆ ವೈದ್ಯ ಮೊದಲು ಕೆಲಸಕ್ಕೆ ಸೇರಿದ್ದೇ ಸಮುದ್ರದಲ್ಲಿ. ನೆಲಕ್ಕೆ ವರ್ಗವಾಗಿ ಬಂದದ್ದು ಆಮೇಲೆ. ಹಡಗಿನಲ್ಲಿ ಡಾಕ್ಟರು ಇರುತ್ತಾರೆಯೇ ಎಂದು ಕೇಳಿದವನಿಗೆ ಈ ಕಥೆಯನ್ನಾದರೂ ಹೇಳಿ ಕಳಿಸಬಹುದಿತ್ತು. ಸಮಯಕ್ಕೆ ನೆನಪಾಗಲಿಲ್ಲ.

ಈಗ ನೆನಪಾಗುತ್ತಿರುವುದಕ್ಕೆ ಕಾರಣ ನನ್ನ ಕೆಮ್ಮು. ಬೆಟ್ಟದ ಬುಡದಲ್ಲಿ ಬಾಡಿಗೆಯ ಒಂದೇ ಕೋಣೆ ನನ್ನದು. ಮಧ್ಯಾಹ್ನ ಕಾದ ಬಂಡೆ ಸಂಜೆಯವರೆಗೂ ಬಿಸಿಯುಸಿರು ಬಿಡುತ್ತಿರುತ್ತದೆ. ಅದಕ್ಕೆ ಉತ್ತರವೆಂಬಂತೆ ಒಳಗೆ ನಾನು ಕೆಮ್ಮುತ್ತಿರುತ್ತೇನೆ. ಕೆಮ್ಮಿನಲ್ಲಿ ಒಂದು ವಿಶೇಷವಿದೆ. ಅದು ಒಬ್ಬರಿಗಾಗಿ ಬರುವ ಕಾಯಿಲೆಯಲ್ಲ. ಕೆಮ್ಮಿದ ಮೇಲೆ ಇನ್ನೊಂದು ಕೋಣೆಯಿಂದ ಯಾರಾದರೂ ‘ಏನಾಯ್ತು’ ಎನ್ನಬೇಕು, ಆಗಲೇ ಅದು ಪೂರ್ತಿಯಾಗುವುದು. ನನ್ನ ಮನೆಯಲ್ಲಿ ಇನ್ನೊಂದು ಕೋಣೆಯಿಲ್ಲ. ಹಾಗೆ ಕೇಳುತ್ತಿದ್ದ ಹೆಂಡತಿ ತೀರಿಕೊಂಡು ಏಳು ವರ್ಷವಾಯಿತು. ಮಕ್ಕಳಾಗಲಿಲ್ಲ. ಕೆಮ್ಮಿ ಸ್ವಲ್ಪ ಹೊತ್ತು ಸುಮ್ಮನೆ ಕಾಯುತ್ತೇನೆ, ಅಭ್ಯಾಸಬಲ.

ಐವತ್ತರ ದಶಕದ ನಡುವಿನಲ್ಲಿ ನಾನು ಶಿರಾದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಹೈಸ್ಕೂಲು ಮುಗಿಸಿದವನಿಗೆ ಅದು ಆಗ ದೊಡ್ಡ ನೌಕರಿಯೇ. ಜೊತೆಗೆ ವಿಮೆಯ ಏಜೆನ್ಸಿ. ಸರ್ಕಾರಿ ನೌಕರ ಏಜೆಂಟನಾಗುವ ಹಾಗಿಲ್ಲ, ಆದ್ದರಿಂದ ಏಜೆನ್ಸಿ ಹೆಂಡತಿಯ ಹೆಸರಿನಲ್ಲಿ. ಆ ಕಾಲಕ್ಕೆ ನಮ್ಮಂಥವರ ಹೆಂಡಿರಲ್ಲಿ ಎಷ್ಟೋ ಜನ ತಮಗೇ ಗೊತ್ತಿಲ್ಲದೆ ಇನ್ಶೂರೆನ್ಸ್ ಏಜೆಂಟರಾಗಿದ್ದರು. ನಾನು ಭಾನುವಾರ ಸೈಕಲ್ ಹತ್ತಿ ಬರಗೂರು, ಗೌಡಗೆರೆ ಸುತ್ತಿ ಬರುತ್ತಿದ್ದೆ. ಏಜೆಂಟರು ಮನೆಯಲ್ಲಿ ರಾಗಿ ಬೀಸುತ್ತಿದ್ದರು. ಸಂಜೆ ನಾನು ತೋರಿಸಿದ ಕಡೆ ಅವರು ರುಜು ಹಾಕುತ್ತಿದ್ದರು.

ನಮ್ಮ ಬೀದಿಯ ಕೊನೆಯಲ್ಲಿ ಕಲಾಯಿ ಹಾಕುವ ಗಫೂರ್ ಸಾಬರಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಆದರೆ ಸ್ನೇಹ ಬೆಳೆದು ಹೋಗಿ ನಾವಿಬ್ಬರೂ ಏಕವಚನಕ್ಕೆ ಇಳಿದಿದ್ದೆವು. ಕಾದ ಹಿತ್ತಾಳೆ ಪಾತ್ರೆಗೆ ತವರ ಮುಟ್ಟಿಸಿ, ನವಸಾಗರದ ಪುಡಿ ಎರಚಿ ಬಟ್ಟೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯೊಳಗೆ ಹುಣ್ಣಿಮೆ. ನನಗೆ ಪರಿಚಯವಿದ್ದ ಸಾಗರವೆಂದರೆ ಆ ನವಸಾಗರವೊಂದೇ. ಅದರ ಬಿಳಿ ಹೊಗೆ ಮೂವತ್ತು ವರ್ಷ ಗಫೂರನ ಎದೆಯೊಳಗೆ ಹೋಗಿ ಕೂತಿತ್ತು. ಮೋಡ ಮುಚ್ಚಿದ ದಿನ ಅವನ ಉಬ್ಬಸ ನಮ್ಮ ಜಗುಲಿಗೆ ಕೇಳುತ್ತಿತ್ತು. ತಿದಿ ಒತ್ತುತ್ತಿದ್ದಾನೋ ಉಸಿರಾಡುತ್ತಿದ್ದಾನೋ ತಿಳಿಯುತ್ತಿರಲಿಲ್ಲ.

ಅವನಿಗೆ ನಾನು ಪಾಲಿಸಿ ಮಾಡಿಸಿದೆ. ಅರ್ಜಿಯಲ್ಲಿ ಉಬ್ಬಸ ಉಂಟೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ನಾನೇ ಬರೆದೆ. ಮಧುಗಿರಿಯ ಡಾಕ್ಟರು ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ ಮುಂಚೆ ಹದಿನೈದು ದಿನ ಕಲಾಯಿಯ ಒಲೆ ಹಚ್ಚಬೇಡ ಎಂದೆ. ಎದೆ ತಿಳಿಯಾಗಿದ್ದ ದಿನ ಬಸ್ಸಿನಲ್ಲಿ ಕಿಟಕಿ ಮುಚ್ಚಿಸಿ ಕರೆತಂದು ತೋರಿಸಿದೆ. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಚೆನ್ನಾಗಿದೆ ಎಂದರು. ಪಾಪ, ಆ ಹೊತ್ತಿಗೆ ಅವರು ಕೇಳಿದ್ದು ನಿಜವೇ. ವಾಪಸು ಬರುವಾಗ ದಾರಿಯುದ್ದ ಗಫೂರ್ ಬಸ್ಸಿನ ಧೂಳಿಗೆ ಕೆಮ್ಮಿದ. ನಾನು ಬೆನ್ನು ನೀವುತ್ತಾ, ಕೆಲಸ ಸುಸೂತ್ರವಾಯಿತೆಂದು ಹಿಗ್ಗುತ್ತಾ ಬಂದೆ. ಮನೆಯಲ್ಲಿ ಏಜೆಂಟರು ಮಾತ್ರ ರುಜು ಹಾಕುವ ಮೊದಲು ಅಂದು ಒಂದು ಮಾತು ಕೇಳಿದರು:

“ಉಬ್ಬಸ ಇರೋರ್ಗೆ ಇಲ್ಲ ಅಂತ ಬರ್ದ್ಬುಟ್ರೆ ಉಬ್ಬಸ ಹೋಗ್ಬುಡ್ತೈತಾ?”

ನಾನು ನಕ್ಕೆ. ರುಜು ಹಾಕುವ ಜಾಗ ತೋರಿಸಿದೆ.

ವರ್ಷ ತುಂಬುವುದರೊಳಗೆ ಗಫೂರನೂ ಹೆಂಡತಿ ಅಮೀನಾಬಿಯೂ ಹಜ್‌ಗೆ ಹೊರಟು ನಿಂತರು. ಬೊಂಬಾಯಿಗೆ ರೈಲು, ಅಲ್ಲಿಂದ ಹಡಗು. ಹಜ್‌ಗೆ ಹೋಗುವವರು ಹೊರಡುವ ಮುನ್ನ ಗೊತ್ತಿದ್ದವರ ಮನೆಮನೆಗೂ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಮಾಫಿ ಕೇಳಿಕೊಳ್ಳಬೇಕು. ಮನುಷ್ಯರ ಬಾಕಿ ತೀರಿಸದೆ ದೇವರ ಮನೆಗೆ ಹೋಗಬಾರದೆಂಬ ಆ ಪದ್ಧತಿ ಎಲ್ಲ ಜಾತಿಯವರಿಗೂ ಇದ್ದಿದ್ದರೆ ಚೆನ್ನಾಗಿತ್ತು. ನಾವು ಕಾಶಿಗೆ ಹೊರಟರೆ ಮನೆಮನೆಗೆ ಹೋಗಿ ಕೇಳುವುದು, ಗಂಗೆ ತಂಬಿಗೆ ಎಷ್ಟು ಬೇಕು ಎಂದು ಮಾತ್ರ.

ಗಫೂರ್ ನಮ್ಮ ಮನೆಗೂ ಬಂದ. ಹೊಸ ಟೋಪಿ, ಒಗೆದ ಅಂಗಿ. ಜಗುಲಿಯ ಮೇಲೆ ಕೂರದೆ ನಿಂತೇ ಹೇಳಿದ.

“ಗಂಗಣ್ಣಾ, ನಿಮ್ಮನೆ ದೊಡ್ಡ ತಪ್ಪಲೆಗೆ ಒಂದ್ಸಲ ಕಲಾಯಿ ತೆಳ್ಳಗೆ ಹಾಕಿದ್ದೆ ಕಣಪ್ಪ. ಮಾಫಿ ಮಾಡ್ಬುಡು.”

ಒಳಗಿನಿಂದ ನನ್ನ ಹೆಂಡತಿ, ಅದು ನಮಗೆ ಆಗಲೇ ಗೊತ್ತಾಗಿತ್ತು ಬಿಡಿ ಎಂದು ನಕ್ಕಳು. ಮಾಫಿ ಕೇಳಬೇಕಾದವನು ನಾನಾಗಿದ್ದೆ. ನಾನು ದೊಡ್ಡ ಮನಸ್ಸಿನವನಂತೆ, ಹೋಗಲಿ ಬಿಡು ಎಂದೆ. ಆಗ ಅವನು ದನಿ ತಗ್ಗಿಸಿ ಕೇಳಿದ್ದು: ಹಡಗಿನಲ್ಲಿ ಎದೆ ಹಿಡಿದುಕೊಂಡರೆ ಯಾರು ನೋಡುತ್ತಾರೆ, ಈ ಪಾಲಿಸಿ ಅಲ್ಲೂ ನಡೆಯುತ್ತದೆಯೇ, ಅದನ್ನು ತೋರಿಸಿದರೆ ಔಷಧಿ ಕೊಡುತ್ತಾರೆಯೇ.

ಪಾಲಿಸಿಯ ಹಿಂದೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಏನು ಬರೆದಿತ್ತೋ ನಾನು ಒಂದು ದಿನವೂ ಓದಿದವನಲ್ಲ. ಸತ್ತ ಮೇಲೆ ಕೊಡುವ ವಿಮೆಗೂ ಕೆಮ್ಮಿಗೆ ಕೊಡುವ ಔಷಧಿಗೂ ಸಂಬಂಧವಿಲ್ಲವೆಂಬಷ್ಟು ಮಾತ್ರ ಗೊತ್ತಿತ್ತು. ಅಷ್ಟನ್ನೇ ಹೇಳಿದ್ದರೆ ಸಾಕಿತ್ತು. ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ಬೇರೆ: ಹಡಗಿನ ಡಾಕ್ಟರ ಪುಸ್ತಕದಲ್ಲಿ ‘ಹಳೆಯ ಉಬ್ಬಸ’ ಎಂದು ಬರೆದದ್ದು, ಅದು ಕಂಪನಿಗೆ ತಲುಪಿದ್ದು, ಅರ್ಜಿಯ ಕೈಬರಹ ಯಾರದೆಂದು ಹುಡುಕಿಕೊಂಡು ಅವರು ತಾಲ್ಲೂಕು ಕಚೇರಿಯ ಬಾಗಿಲಿಗೆ ಬಂದದ್ದು.

“ಕೆಮ್ಮು ಬಂದ್ರೆ ಡಾಕ್ಟ್ರ ತಾವ ಹೋಗ್ಬ್ಯಾಡ. ಅವರ ಪುಸ್ತಕದಾಗೆ ಬರ್ಕಂಡ್ರೆ ಪಾಲಿಸಿ ಬಿದ್ದೋಯ್ತದೆ,” ಅಂದೆ.

ಅವನು “ನಿನ್ಗೇನಾರ ತೊಂದ್ರೆ ಆಯ್ತದಾ?” ಎಂದು ಕೇಳಿದ.

“ಆಯ್ತದೆ,” ಅಂದೆ. ಅಂದು ನಾನಾಡಿದ ಒಂದೇ ನಿಜ.

“ಹಂಗಾರೆ ಬುಡು, ಹೋಗಲ್ಲ,” ಅಂದು ನಕ್ಕು ಹೊರಟ.

ಹೋಗುವಾಗ ಏನೂ ಆಗಲಿಲ್ಲ. ಹಜ್ ಮುಗಿಯಿತು. ವಾಪಸು ಬರುವ ಹಡಗಿನಲ್ಲಿ ಗಫೂರ್ ತೀರಿಕೊಂಡ.

ಊರಿಗೆ ಒಬ್ಬಳೇ ಬಂದ ಅಮೀನಾಬಿಯ ಹತ್ತಿರ ವಿಮೆಯ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಲು ಹೋದಾಗ, ಅವಳು ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಾ, ನನ್ನ ಕಡೆ ನೋಡದೆ ಎಲ್ಲ ಹೇಳಿದಳು. ನಾಲ್ಕನೆಯ ದಿನ ಉಬ್ಬಸ ಎದ್ದಿತಂತೆ. ಡಾಕ್ಟರು ದಿನಾ ಬೆಳಿಗ್ಗೆ ಜನರ ಸಾಲಿನ ನಡುವೆ ನಡೆದುಕೊಂಡು, ಒಬ್ಬೊಬ್ಬರನ್ನೂ ಮಾತಾಡಿಸಿಕೊಂಡು ಬರುತ್ತಿದ್ದರಂತೆ. ದೂರದಲ್ಲಿ ಅವರನ್ನು ಕಂಡ ಕೂಡಲೇ ಇವನು ಎದ್ದು ನೆಟ್ಟಗೆ ಕೂತು, ಉಸಿರು ಕಟ್ಟಿಕೊಂಡು, ಖೈರಿಯತ್, ಚೆನ್ನಾಗಿದ್ದೇನೆ ಎನ್ನುತ್ತಿದ್ದನಂತೆ. ಅವರು ಅತ್ತ ಹೋದ ಮೇಲೆ ಟವಲನ್ನು ಬಾಯಿಗೆ ತುರುಕಿಕೊಂಡು ಕೆಮ್ಮುವುದು. ಡಾಕ್ಟರ ಕೋಣೆ ಇವರು ಮಲಗಿದ್ದ ಜಾಗದಿಂದ ಎಷ್ಟು ದೂರವೆಂದು ಅವಳು ತೋರಿಸಿದಳು: ಅವರ ಹೊಸಿಲಿನಿಂದ ಬಾವಿಕಟ್ಟೆಯಷ್ಟು. ಅಲ್ಲಿ ಸೂಜಿಯೂ ಔಷಧಿಯೂ ಎಲ್ಲ ಯಾತ್ರಿಕರಿಗೂ ಪುಕ್ಕಟೆ; ಟಿಕೆಟ್ಟಿನಲ್ಲೇ ಸೇರಿತ್ತು. ಯಾವ ಪಾಲಿಸಿಯೂ ಬೇಕಿರಲಿಲ್ಲ.

“ನಾನೇ ಕರ್ಕಂಬತ್ತೀನಿ ಅಂದ್ರೆ ಕೈ ಹಿಡ್ಕಂಡ್ರು. ಗಂಗಣ್ಣನ ಕೆಲ್ಸ ಹೋಯ್ತದೆ ಅಂದ್ರು,” ಎಂದಳು. ನಮಾಜು ಮಾಡಿ, ಬಿಳಿ ಬಟ್ಟೆ ಸುತ್ತಿ, ನೀರಿಗೆ ಬಿಟ್ಟರಂತೆ. ಹಡಗು ಸ್ವಲ್ಪ ಹೊತ್ತು ನಿಧಾನ ಮಾಡಿ ಆಮೇಲೆ ಮೊದಲಿನಂತೆ ಹೊರಟಿತಂತೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಕಾಗದ ನೋಡಿದೆ. ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿದೆ.

ಕಂಪನಿಯಿಂದ ಒಬ್ಬರು ವಿಚಾರಣೆಗೆ ಬಂದರು. ಹಡಗಿನ ಪುಸ್ತಕದಲ್ಲಿ ಹಳೆಯ ಕಾಯಿಲೆಯ ಸುಳಿವೇ ಇರಲಿಲ್ಲ, ಹಣ ಬಂತು. ಗಂಗಣ್ಣ ಒಬ್ಬ ವಿಧವೆಗೆ ದಾರಿ ಮಾಡಿಕೊಟ್ಟ ಎಂದು ಊರೆಲ್ಲ ಹೊಗಳಿತು. ಹೊಗಳಿಕೆಯನ್ನು ಬೇಡವೆನ್ನಲು ಕಾರಣ ಹೇಳಬೇಕಾಗುತ್ತದೆ. ಇಟ್ಟುಕೊಳ್ಳಲು ಏನೂ ಹೇಳಬೇಕಾಗಿಲ್ಲ. ನಾನು ಇಟ್ಟುಕೊಂಡೆ. ಆಮೇಲೆ ಅರ್ಜಿ ಹಾಕಿ ಮಧುಗಿರಿಗೆ ವರ್ಗ ಮಾಡಿಸಿಕೊಂಡು ಬಂದೆ. ಪಾವಗಡ, ಕೊರಟಗೆರೆ ಎಲ್ಲಿಗೆ ಬೇಕಾದರೂ ಹೋಗುತ್ತಿದ್ದೆ, ಶಿರಾ ಬಸ್ಸನ್ನು ಮಾತ್ರ ಹತ್ತಲಿಲ್ಲ. ಒಂದು ಸಲ ಕಚೇರಿಯ ಗೆಳೆಯರು ಗೋಕರ್ಣಕ್ಕೆ ಕರೆದರು, ಕಾಲುನೋವೆಂದೆ. ಸಮಾಧಿಯ ಮುಂದೆಯಾದರೆ ನಿಂತು ತಲೆತಗ್ಗಿಸಬಹುದು. ಸಮುದ್ರದ ಮುಂದೆ ಯಾವ ಕಡೆಗೆ ತಿರುಗಿ ತಗ್ಗಿಸುವುದು?

ಹೀಗೆ ಹದಿಮೂರು ವರ್ಷ. ಮೊನ್ನೆ ಕೆಮ್ಮು ಬಂದಾಗ ಕೈಗೆ ಸಿಕ್ಕಿದ ಟವಲನ್ನು ಬಾಯಿಗೆ ಒತ್ತಿಕೊಂಡೆ. ಕೇಳುವವರೇ ಇಲ್ಲದ ಮನೆಯಲ್ಲಿ ಯಾರಿಗೆ ಕೇಳಬಾರದೆಂದು ಒತ್ತಿಕೊಂಡೆನೋ! ಮಾರನೆಯ ಬೆಳಿಗ್ಗೆ ಶಿರಾ ಬಸ್ಸು ಹತ್ತಿದೆ.

ಅಮೀನಾಬಿ ಅದೇ ಮನೆಯ ಜಗುಲಿಯಲ್ಲಿ ಕೌದಿ ಹೊಲಿಯುತ್ತಿದ್ದಳು. ತಲೆ ಪೂರ್ತಿ ನೆರೆತಿತ್ತು. ಗುರುತು ಹಿಡಿದು ಚಾಪೆ ಸರಿಸಿದಳು. ಗಫೂರನ ಹಾಗೆ ನಾನೂ ಕೂರದೆ ನಿಂತೇ ಹೇಳಿದೆ: ಆ ಸಲಹೆ ಪಾಲಿಸಿ ಉಳಿಸಲಿಕ್ಕಲ್ಲ, ನನ್ನನ್ನು ಉಳಿಸಿಕೊಳ್ಳಲಿಕ್ಕೆ, ಡಾಕ್ಟರ ಹತ್ತಿರ ಹೋಗು ಎಂದಿದ್ದರೆ ಅವನು ಇರುತ್ತಿದ್ದ, ಮಾಫಿ ಮಾಡಬೇಕು.

ಅವಳು ಒಂದೆಳೆ ದಾರವನ್ನು ಹಲ್ಲಿನಿಂದ ಕಡಿದು, ಗಂಟು ಹಾಕಿದಳು.

“ಮಧುಗಿರಿಯಿಂದ ಸಿರಾಕ್ಕೆ ದಿನಾ ಬಸ್ಸೈತಲ್ಲಣ್ಣಾ. ಹದಿಮೂರು ವರ್ಷ ಒಂದೂ ಸಿಗ್ಲಿಲ್ವಾ?”

ನಾನು ಏನೋ ಹೇಳಹೋದೆ. ಅಷ್ಟರಲ್ಲಿ ಕೆಮ್ಮು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆ ವಾಲಿಸಿ ಕೇಳಿದಳು. ಮಧುಗಿರಿಯ ಡಾಕ್ಟರೂ ಅಂದು ಅಷ್ಟು ಗಮನವಿಟ್ಟು ಕೇಳಿರಲಾರರು.

“ಇದು ಅವರ ಕೆಮ್ಮೇ ಕಣಣ್ಣಾ. ಎಷ್ಟು ದಿನಾಯ್ತು? ಡಾಕ್ಟ್ರಿಗೆ ತೋರ್ಸಿದ್ಯಾ?”

ಇಲ್ಲ ಎಂದೆ.

“ತೋರ್ಸ್ಕಂಡು ಚೀಟಿ ತಗಂಡು ಬಾ. ಮಾಫಿ ಮಾತು ಆಮೇಕೆ.”

ನೀರು ಕೊಟ್ಟಳು, ಕುಡಿದು ಬಂದೆ. ಬಸ್ಸಿನಲ್ಲಿ ಕಿಟಕಿ ತೆಗೆದೇ ಕೂತಿದ್ದೆ.

ಮಾರನೆಯ ದಿನ ಇಲ್ಲಿನ ಆಸ್ಪತ್ರೆಯ ಸಾಲಿನಲ್ಲಿ ನಿಂತೆ. ಚೀಟಿ ಬರೆಯುವಾತ ಹೆಸರು, ವಯಸ್ಸು ಕೇಳಿ, ತಲೆಯೆತ್ತದೆಯೇ ಮುಂದಿನ ಪ್ರಶ್ನೆ ಕೇಳಿದ: ಮೊದಲಿಂದ ಏನಾದರೂ ಕಾಯಿಲೆ ಇದೆಯೇ? ಆ ಪ್ರಶ್ನೆಗೆ ನಾನು ಎಷ್ಟು ಜನರ ಪರವಾಗಿ ‘ಇಲ್ಲ’ ಎಂದು ಬರೆದಿದ್ದೇನೋ ದೇವರೇ ಬಲ್ಲ. ಕೈ ಅಭ್ಯಾಸದಂತೆ ಬಾಯಿಯೂ ಅದನ್ನೇ ಹೇಳಲು ಸಿದ್ಧವಾಗಿತ್ತು.

“ಇದೆ, ಬರ್ಕೊಳ್ಳಿ,” ಎಂದೆ.

ಅವನು ಬರೆದ. ಡಾಕ್ಟರಿಗೆ ತೋರಿಸಿಕೊಂಡು, ಆ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಇನ್ನೊಂದು ಸಲ ಶಿರಾಕ್ಕೆ ಹೋಗಬೇಕು.